ಕಡಲಿನಲ್ಲಿರುವವರ ಪಟ್ಟಿ

ಬಟ್ಟಲಿನ ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ನೀಲಿ ಶಾಯಿಯಲ್ಲಿ ಬಟ್ಟಲು ತಂದವಳ ಹೆಸರು, ಬ್ಲಾಂಚ್, ನೀರು ತಾಗಿದರೆ ಹೆಸರು ಕದಡಿಹೋಗುತ್ತದೆ, ಮೆಲ್ಲಗೆ ತೊಳಿ ಯೂನಾ, ಇವತ್ತು ಒಂದು ಹೆಸರನ್ನಾದರೂ ಸರಿಯಾಗಿ ಉಳಿಸು — ಬಿಸಿನೀರು, ನೊರೆ, ಬಟಾಣಿ ಸೂಪಿನ ವಾಸನೆ, ಈ ನೆಲಮಾಳಿಗೆಯಲ್ಲಿ ನೆತ್ತಿಯ ಮೇಲೆ ಚರ್ಚಿನ ನೆಲಹಲಗೆಗಳಲ್ಲಿ ಇನ್ನೂ ಓಡಾಡುತ್ತಿರುವ ಬೂಟುಗಳು, ಅವುಗಳಲ್ಲಿ ವರ್ನಾಳದ್ದು ಯಾವುದು, ಅವಳು ಊಟಕ್ಕೆ ಕೆಳಗೆ ಬರುತ್ತಾಳೋ ನೇರ ಮನೆಗೆ ಹೋಗುತ್ತಾಳೋ, ಹೋದರೆ ಒಳ್ಳೆಯದು, ಅಲ್ಲ, ಬಂದು ನಾಲ್ಕು ಜನರ ಮುಂದೆ ಬೈದರೇ ಒಳ್ಳೆಯದು — ಅವಳ ಗಂಡ ಮುಳುಗಿ ಒಂಬತ್ತು ದಿನ, ಊರೆಲ್ಲ ಕೂತಿರುವಾಗ ಅವನ ಹೆಸರನ್ನು ಬದುಕಿರುವವರ ಜೊತೆ ಓದಿಬಿಟ್ಟೆನಲ್ಲ.

ಪ್ರಾರ್ಥನೆಯಲ್ಲಿ ಓದುವ ಪಟ್ಟಿ ಎರಡು, ಎರಡೇ, ಅಷ್ಟು ಸಣ್ಣ ಕೆಲಸ. ಮೊದಲು ಕಡಲಿಗೆ ಹೋದವರದು, ಆಮೇಲೆ ತೀರಿಕೊಂಡವರದು, ಮೊದಲನೆಯದಕ್ಕೆ ಸಭೆ ಹೇಳುವುದು ಕರ್ತನೇ, ಮನೆ ಸೇರಿಸು, ಎರಡನೆಯದಕ್ಕೆ ಕರ್ತನೇ, ನೆಮ್ಮದಿ ಕೊಡು, ಈ ನ್ಯೂಫೌಂಡ್‌ಲ್ಯಾಂಡಿನ ಕೊಲ್ಲಿಯಲ್ಲಿ ಮಕ್ಕಳಿಗೂ ಬಾಯಿಪಾಠ. ಪಾದ್ರಿಗಳು ಐದು ಚರ್ಚುಗಳನ್ನು ಸುತ್ತುತ್ತಾರೆ, ಅವರಿಲ್ಲದ ಭಾನುವಾರ ಓದುವುದು ನಾನು, ಎರಡು ಚಳಿಗಾಲ ಮಂಗಳವಾರದ ಸಂಜೆಗಳಲ್ಲಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕೂತು ಕಲಿತದ್ದು, ಓದಲು ಅಪ್ಪಣೆ ಕೊಟ್ಟ ಬಿಷಪ್ಪರ ಸಹಿಯ ಕಾಗದಕ್ಕೆ ಚೌಕಟ್ಟು ಹಾಕಿಸಿದ್ದು, ಆಗಲೂ ಅನ್ನಿಸಿತ್ತು ಇದು ನನ್ನಂಥವಳಿಗಲ್ಲ ಅಂತ. ಒಂಬತ್ತು ದಿನದ ಹಿಂದಿನ ಶುಕ್ರವಾರ ದೋಣಿ ಮಗುಚಿತು, ಮೂವರು, ಸಿಕ್ಕಿದ್ದು ಒಂದು ಹುಟ್ಟು, ಒಂದು ಮೀನಿನ ಪೆಟ್ಟಿಗೆ, ಗುರುವಾರ ಹುಡುಕುವ ಹಡಗೂ ತಿರುಗಿ ಹೋಯಿತು, ಮೊನ್ನೆ ಪೆನ್ಸಿಲ್ ಹಿಡಿದು ಅಡುಗೆಮನೆಯ ಮೇಜಿಗೆ ಕೂತೆ, ಹಳೇ ಪಟ್ಟಿಯಿಂದ ಮೂವರನ್ನೂ ಹೊಡೆದುಹಾಕಬೇಕು, ಮೊದಲನೆಯದೇ ವರ್ನಾಳ ಗಂಡ ಸೆಲ್ಬಿ ಪಾರ್ಡಿ, ಗೆರೆ ಸೆಲ್ಬಿಯ ಮೇಲೆ ಹಾದು ಪಾರ್ಡಿ ಬರುವಷ್ಟರಲ್ಲಿ ನಿಂತಿತು, ಕೈ ಮುಂದೆ ಹೋಗಲಿಲ್ಲ, ಹೊಸ ಹಾಳೆಯೇ ಬರೆದೆ, ಹಳೆಯದು ಹೊಸದು ಎರಡನ್ನೂ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟೆ — ಯಾಕೆ ಇಟ್ಟೆ, ಹಳೆಯದನ್ನು ಒಲೆಗೆ ಹಾಕಬಾರದಿತ್ತೇ, ಇವತ್ತು ಮೂವರ ಹೆಸರೂ ಬಾಯಿಂದ ಹೊರಟ ಮೇಲೆ ಕಂಡದ್ದು ಆ ಪೆನ್ಸಿಲ್ ಗೆರೆ, ಸಭೆಯಲ್ಲಿ ಯಾರೋ ಕೆಮ್ಮಲು ಹೊರಟು ತಡೆದುಕೊಂಡರು, ಆಮೇಲೆ ಎರಡನೆಯ ಸಾಲಿನಿಂದ, ಒಂಬತ್ತು ದಿನ ಒಂದು ಮಾತೂ ಆಡದ ವರ್ನಾಳ ಗಂಟಲು, ತುಕ್ಕು ಹಿಡಿದ ಬಾಗಿಲಿನ ಹಾಗೆ, ಕರ್ತನೇ, ಮನೆ ಸೇರಿಸು. ಅವಳ ಹಿಂದೆಯೇ ಎಲ್ಲರೂ. ನನಗೆ ಗೊತ್ತಾಗಲಿಲ್ಲ, ಅದು ಅಭ್ಯಾಸಬಲವೋ, ಅವನು ಬದುಕಿದ್ದಾನೆಂಬ ಹುಚ್ಚು ಆಸೆಯೋ, ಆಸೆಯಾದರೆ ಹುಟ್ಟಿಸಿದವಳು ನಾನು, ಅದನ್ನು ಮುರಿಯಬೇಕಾದವಳೂ ನಾನು, ಎರಡನೆಯ ಪಟ್ಟಿಯನ್ನು ಓದಲೇ ಇಲ್ಲ, ಆಮೆನ್ ಹೇಳಿ ಹಾಳೆಯನ್ನು ಜೇಬಿಗೆ ತುರುಕಿ ಇಳಿದುಬಂದೆ.

ಏನೇ ಯೂನಾ, ಬಟ್ಟಲು ತೊಳೀತಿದೀಯೋ ದೀಕ್ಷಾಸ್ನಾನ ಮಾಡಿಸ್ತಿದೀಯೋ, ಊರಿಗೆಲ್ಲ ಅತ್ತೆ ಅನ್ನಿಸಿಕೊಂಡ ಬ್ಲಾಂಚ್ ಅತ್ತೆ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ, ಹತ್ತು ನಿಮಿಷದಿಂದ ಅದೇ ಒಂದು ಬಟ್ಟಲು ಕಣೇ, ಸವೆದು ಹೋದೀತು. ನಗಬೇಕು, ನಗಲಾರೆ, ಮೆಟ್ಟಿಲ ಮೇಲೆ ಬೂಟು, ನಿಧಾನ, ಒಂದು, ಇನ್ನೊಂದು, ತಿರುಗಿ ನೋಡಬೇಡ, ಅವಳೇ, ಸೂಪು ಬಡಿಸಿಕೊಂಡಳು, ನಿಂತೇ ಒಂದು ಚಮಚ ಕುಡಿದಳು — ಉಪ್ಪು ಜಾಸ್ತಿ ಅತ್ತೆ, ಅಂದಳು. ಅಯ್ಯೋ ಇವಳ, ಒಂಬತ್ತು ದಿನ ಬಾಯಿ ಕಟ್ಟಿಕೊಂಡಿದ್ದು ನನ್ನ ಸೂಪು ಬೈಯೋದಕ್ಕಾ, ಅಂದ ಬ್ಲಾಂಚ್ ಅತ್ತೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು, ವರ್ನಾ ಬಟ್ಟೆ ತೆಗೆದುಕೊಂಡು ನನ್ನ ಪಕ್ಕ ಬಂದು ಒರೆಸತೊಡಗಿದಳು, ಮೊಣಕೈಗೆ ಮೊಣಕೈ, ಈಗ ಹೇಳು ಯೂನಾ, ಈಗಲೇ — ವರ್ನಾ, ತಪ್ಪಾಯ್ತು ಕಣೇ, ಹಳೇ ಹಾಳೆ ಕೈಗೆ ಬಂತು. ಗೊತ್ತು, ಅಂದಳು, ಅವನು ಬರಲ್ಲ ಅಂತಲೂ ಗೊತ್ತು, ನನಗೇನು ತಲೆ ಕೆಟ್ಟಿಲ್ಲ, ಆದ್ರೆ ಅವನಿರೋದು ಕಡಲಲ್ಲೇ ತಾನೆ, ಯಾವ ಮನೆಗೆ ಸೇರಿಸ್ಬೇಕು ಅಂತ ದೇವರಿಗೆ ನಾವು ಹೇಳ್ಬೇಕಾ. ಬಟ್ಟಲನ್ನು ತಿರುವಿ ತಳ ಒರೆಸಿದಳು, ಅಂಟುಪಟ್ಟಿಯ ಸುತ್ತ ಹುಷಾರಾಗಿ. ಪ್ರಾರ್ಥನೆ ಮಾಡೋಕೆ ಒಂದು ಮಾತೂ ಬರ್ತಿರಲಿಲ್ಲ ಕಣೇ, ಇವತ್ತು ಬಾಯಿಗೆ ತಾನಾಗಿ ಬಂತು, ಹಿಂದಿನಿಂದ ಅಷ್ಟೂ ಜನ ಹೇಳಿದ್ರಲ್ಲ, ಬೆನ್ನಿಗೆ ಯಾರೋ ಕೈ ಕೊಟ್ಟ ಹಾಗಾಯ್ತು, ಮುಂದಿನ ವಾರಾನೂ ಅವನ ಹೆಸರನ್ನ ಅದರಲ್ಲೇ ಓದು.

ಆದರೆ ತರಗತಿಯಲ್ಲಿ ಹೇಳಿದ್ದರು ಎರಡು ಪಟ್ಟಿ ಬೆರೆಸಬಾರದೆಂದು, ಪಾದ್ರಿಗಳು ಏನಂತಾರೋ — ಬಾಯಿಬಿಟ್ಟೇ ಅಂದೆನೇನೋ, ಬ್ಲಾಂಚ್ ಅತ್ತೆ ಸೌಟು ಎತ್ತಿದಳು, ಅವರಿಗೂ ಒಂದು ಬಟ್ಟಲು ಸೂಪು ಕೊಡೋಣ, ಬಾಯಿ ತುಂಬಿದ್ರೆ ಏನಂತಾರೆ, ಮತ್ತೆ ನಗು ಬಂತು, ನನಗೆ, ಒಂಬತ್ತು ದಿನದ ಮೇಲೆ, ವರ್ನಾಳ ತುಟಿಯೂ ಕೊಂಚ ಓರೆಯಾಯಿತು, ಕಣ್ಣು ತುಂಬಿತ್ತು, ಕೊನೆಯ ದಿನ ಕಡಲು ತನ್ನೊಳಗಿನ ಸತ್ತವರನ್ನು ಒಪ್ಪಿಸುತ್ತದೆ ಎಂದು ಬೈಬಲಿನಲ್ಲಿ ಎಷ್ಟು ಸಲ ಓದಿದ್ದೇನೆ, ಓದಿದ್ದೇನೆ ಅಷ್ಟೆ, ಇವಳು ಮೊಣಕೈ ತಾಗಿಸಿಕೊಂಡು ಅದನ್ನು ನಂಬುತ್ತಿದ್ದಾಳೆ, ಅವಳು ನಂಬುವಷ್ಟು ಹೊತ್ತು ನಾನೂ — ಒದ್ದೆ ಕೈ ಒರೆಸಿಕೊಂಡು ಜೇಬಿನಿಂದ ಹಳೇ ಹಾಳೆ ತೆಗೆದೆ, ಮುಂದಿನ ವಾರವೂ ಇದೇ, ಹೆಬ್ಬೆರಳಿನ ನೀರು ಅಂಚಿಗೆ ತಾಗಿತು, ಹೆಸರಿಗೆ ತಾಗಲಿಲ್ಲ, ಸೆಲ್ಬಿ, ಅದರ ಮೇಲೆ ಪೆನ್ಸಿಲ್, ತೆಳ್ಳಗೆ, ಆಮೇಲೆ ಬಿಳಿ ಜಾಗ, ಆಮೇಲೆ ಪಾರ್ಡಿ, ಅದರ ಮೇಲೆ ಏನೂ ಇಲ್ಲ, ಅಲ್ಲಿಗೇ ನಿಂತ ಗೆರೆ, ನಿಂತ ಗೆರೆ