ನಡುವೆ ಎರಡು ಮನೆ

"ದಾಳ ನೀವೇ ಹಾಕ್ಬೇಕು ಅತ್ತಿಗೆ. ಅವನ ಕೈ ಈಗ ನೀವೇ ಅಲ್ವಾ," ಎನ್ನುತ್ತ ಗಂಡನ ಗೆಳೆಯ, ಪ್ರಿಂಟಿಂಗ್ ಪ್ರೆಸ್ಸಿನವನು, ಇಪ್ಪತ್ತು ಮುಖದ ಹಸಿರು ದಾಳವನ್ನು ಅವಳ ಅಂಗೈಯಲ್ಲಿಟ್ಟ. ಇಟ್ಟ ಮೇಲೆ ತಾನಾಡಿದ ಮಾತು ತನಗೇ ಚುಚ್ಚಿ, ನಾಲಿಗೆ ಕಚ್ಚಿಕೊಂಡು ಮಂಚದ ಕಡೆ ನೋಡಿದ. ಮಂಚದ ಮೇಲೆ ಅವಳ ಗಂಡ ದಿಂಬುಗಳಿಗೆ ಒರಗಿದ್ದ. ಕತ್ತಿನಿಂದ ಕೆಳಗೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಆದರೂ ಮುಖದಲ್ಲಿ ಈವತ್ತು ಒಂದಿಷ್ಟು ಕಳೆ ಇತ್ತು. ಬೆಳಿಗ್ಗೆ ತಾನಾಗಿಯೇ "ಗಡ್ಡ ಮಾಡು" ಎಂದಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

"ಹಾಕ್ತಾಳೆ ಬಿಡೋ. ಅವಳ ಕೈಗುಣ ನನ್ನದಕ್ಕಿಂತ ವಾಸಿ," ಎಂದ ಗಂಡ. ಧ್ವನಿ ಸಣ್ಣಗಿತ್ತು, ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಎಳೆದುಕೊಳ್ಳಬೇಕಿತ್ತು.

"ಹಾಗಾದ್ರೆ ನನ್ನ ದಾಳಾನೂ ನೀವೇ ಹಾಕಿ ಅತ್ತಿಗೆ," ಎಂದ ಇನ್ನೊಬ್ಬ ಗೆಳೆಯ, ಬಸ್ ಡ್ರೈವರು. "ನನ್ನ ಕೈಗುಣಕ್ಕೆ ಎದುರಿಗಿರೋ ಗೋಡೆಗೆ ಗುಂಡು ಹೊಡೆದ್ರೂ ತಾಗಲ್ಲ."

ಗುಂಡು ಎಂದ ಮೇಲೆ ಅವನೂ ಮಂಚದ ಕಡೆ ನೋಡಿದ. ಈ ಮನೆಯಲ್ಲಿ ಆಡಬಾರದ ಮಾತುಗಳೇ ಹೆಚ್ಚಾಗಿಬಿಟ್ಟಿದ್ದವು.

ಹಿಂದೆಲ್ಲ ಭಾನುವಾರ ಮಧ್ಯಾಹ್ನ ಬಂತೆಂದರೆ ಈ ಮೂವರೂ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ಮಾಯವಾಗುತ್ತಿದ್ದರು. ಇಸ್ಪೀಟು ಇರಬೇಕು ಎಂದುಕೊಂಡು ಅವಳು ಒಂದು ದಿನ ಹೇಳದೆ ಕೇಳದೆ ಹೋಗಿ ನೋಡಿದ್ದಳು. ಇಸ್ಪೀಟಾಗಿದ್ದರೆ ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು. ಕತ್ತೆ ವಯಸ್ಸಾದ ಮೂರು ಗಂಡಸರು ಒಂದು ರಟ್ಟಿನ ಮೇಲೆ ಚೌಕಾಬಾರದ ಹಾಗೆ ಮನೆಗಳನ್ನು ಗೀಚಿಕೊಂಡು, ಪೆನ್ನಿನ ಮುಚ್ಚಳ ಇಟ್ಟುಕೊಂಡು, "ನಾನು ಲಿಫ್ಟಿನ ಹಿಂದೆ ಅಡಗ್ತೀನಿ", "ನಾನು ಕಿಟಕಿ ಒಡೀತೀನಿ" ಎಂದು ಕೂಗಾಡುತ್ತಿದ್ದರು. ಆ ಆಟದಲ್ಲಿ ರಾಜರೂ ಇರಲಿಲ್ಲ, ಕುದುರೆಗಳೂ ಇರಲಿಲ್ಲ. ಇವತ್ತಿನಂಥದೇ ಊರು, ಇವತ್ತಿನಂಥದೇ ಕಳ್ಳರು. ಎದುರಿಗೆ ಏನಿದೆ ಎಂದು ಪ್ರೆಸ್ಸಿನವನು ಹೇಳಬೇಕು, ತಮ್ಮ ತಮ್ಮ ಆಳು ಏನು ಮಾಡುತ್ತಾನೆಂದು ಉಳಿದಿಬ್ಬರು ಹೇಳಬೇಕು, ಆಗುತ್ತದೋ ಇಲ್ಲವೋ ದಾಳ ಹೇಳಬೇಕು. ಗೆಲ್ಲುವವರು ಯಾರು ಎಂದು ಕೇಳಿದ್ದಕ್ಕೆ ಮೂವರೂ ಅವಳನ್ನೇ ಪಾಪ ಎನ್ನುವಂತೆ ನೋಡಿದ್ದರು. ಅವಳು ಮೂಗು ಮುರಿದು ಮನೆಗೆ ಬಂದಿದ್ದಳು.

ಈಗ ಆ ರಟ್ಟು ಅವಳ ಮನೆಯ ಮೇಜಿನ ಮೇಲೆ, ಮಂಚಕ್ಕೆ ತಾಗಿಕೊಂಡು ಇತ್ತು. ಗಂಡನ ಆಳು ಎಂದು ಅದರ ಮೇಲಿಟ್ಟಿದ್ದು ಒಂದು ಹಿತ್ತಾಳೆ ಬಟನ್ನು. ಅವಳಿಗೆ ಗುರುತು ಹತ್ತಿತು. ಕಾವಲಿನ ಯೂನಿಫಾರ್ಮಿನದು. ಎಷ್ಟೋ ವರ್ಷದ ಕೆಳಗೆ ಅದು ಕಾಣೆಯಾದಾಗ ಮನೆಯೆಲ್ಲ ಜಾಲಾಡಿ, ಕೊನೆಗೆ ಬೇರೆ ಬಣ್ಣದ್ದೊಂದು ಹೊಲಿದುಕೊಟ್ಟಿದ್ದಳು. ಅದಕ್ಕಾಗಿ ಗಂಡ ಮೇಲಿನವರಿಂದ ಬೈಸಿಕೊಂಡಿದ್ದ.

"ಒಂದು ಮನೆ ಅಂದ್ರೆ ಒಂದು ಹೆಜ್ಜೆ ಅತ್ತಿಗೆ," ಎಂದು ಪ್ರೆಸ್ಸಿನವನು ಎಳೆ ಮಕ್ಕಳಿಗೆ ಹೇಳುವಂತೆ ಹೇಳಿಕೊಟ್ಟ. "ಇದು ಗೋದಾಮು. ಇಲ್ಲಿ ಬಾಗಿಲು. ಈವತ್ತು ಬರೀ ಕಾಣೆಯಾಗಿರೋ ಪೆಟ್ಟಿಗೆ ಹುಡುಕೋದು, ಅಷ್ಟೆ. ಹೊಡೆದಾಟ ಗಿಡೆದಾಟ ಏನೂ ಇಲ್ಲ."

ಪಾಪ, ರಾತ್ರಿಯೆಲ್ಲ ಕೂತು ಹೊಡೆದಾಟವಿಲ್ಲದ ಕಥೆ ಕಟ್ಟಿಕೊಂಡು ಬಂದಿದ್ದ. ಮಂಚದ ಮೇಲಿನವನು ಪೆಟ್ಟಿಗೆ ಹುಡುಕುವಷ್ಟು ಹೊತ್ತು ಹೇಳಿದಂತೆ ಆಡಿದ. ಆಮೇಲೆ ಹೇಳಿದ, "ಪಿಸ್ತೂಲಿನವನನ್ನ ತಾ."

"ಬೇಡ ಕಣೋ."

"ತಾರೋ. ಹಳೇ ಆಟ ಆಡ್ಬೇಕು ಅಂತಾನೇ ಕರೆಸಿದ್ದು."

ಪ್ರೆಸ್ಸಿನವನು ಅವಳ ಮುಖ ನೋಡಿದ. ಅವಳು ಎಲ್ಲಿ ನೋಡಬೇಕೋ ತಿಳಿಯದೆ ದಾಳ ನೋಡಿದಳು.

ಅವಳ ಗಂಡ ವಾಚುಗಳ ಶೋರೂಮಿನಲ್ಲಿ ಕಾವಲುಗಾರನಾಗಿದ್ದ. ಮುಖಕ್ಕೆ ಬಟ್ಟೆ ಕಟ್ಟಿದವನೊಬ್ಬ ಹಾಡಹಗಲೇ ಪಿಸ್ತೂಲು ಹಿಡಿದು ಬಂದ. ಅಂಥ ಹೊತ್ತಿನಲ್ಲಿ ಕೈ ಮೇಲೆತ್ತಿ ನಿಲ್ಲಬೇಕು, ಮಾಲಿಗೆ ವಿಮೆ ಇದೆ, ನಿಮ್ಮ ಜೀವಕ್ಕಿಂತ ಅದು ಹೆಚ್ಚಲ್ಲ ಎಂದು ಮಾಲೀಕರು ಎಲ್ಲರಿಗೂ ಹೇಳಿಟ್ಟಿದ್ದರು. ಎಲ್ಲರೂ ನಿಂತರು. ಇವನೊಬ್ಬ ದೊಣ್ಣೆ ಹಿಡಿದು ಓಡಿದ. ಗುಂಡು ಕತ್ತಿಗೆ ಬಿತ್ತು.

ಯಾಕೆ ಓಡಿದ? ನೋಡಲು ಬಂದವರಿಗೆಲ್ಲ ಉತ್ತರ ಗೊತ್ತಿತ್ತು. ಕೆಲವರು ಗಂಡೆದೆ ಎಂದರು, ಕೆಲವರು ಬಾಗಿಲಾಚೆ ಹೋದ ಮೇಲೆ ಬುದ್ಧಿಗೇಡಿ ಎಂದರು. ಅವನು ಮಾತ್ರ "ನೆನಪಿಲ್ಲ" ಎಂದ. ಪೊಲೀಸರಿಗೂ ನೆನಪಿಲ್ಲ ಎಂದ, ಹೆಂಡತಿಗೂ ನೆನಪಿಲ್ಲ ಎಂದ. ಅವಳಿಗೆ ಅನ್ನ ನೀರು ಸೇರದಂತೆ ಮಾಡಿದ್ದು ಗುಂಡಿಗಿಂತ ಹೆಚ್ಚಾಗಿ ಆ ಯಾಕೆ. ಠಾಣೆಯಲ್ಲಿ ಅಧಿಕಾರಿ ಕ್ಯಾಮೆರಾದ ಚಿತ್ರ ತೋರಿಸಿದ್ದರು. ಗಂಡ ಬಾಗಿಲ ಬಳಿ ನಿಂತಿದ್ದಾನೆ. ತಲೆ ಬಗ್ಗಿಸಿ ನೆಲ ನೋಡುತ್ತಾನೆ. ತುಟಿ ಒಂದು ಸಲ ಅಲುಗುತ್ತದೆ, ಇನ್ನೊಂದು ಸಲ ಅಲುಗುತ್ತದೆ. ಆಮೇಲೆ ತಲೆ ಎತ್ತಿ ಓಡುತ್ತಾನೆ. "ದೇವರನ್ನ ನೆನೆದಿರ್ಬೇಕು" ಎಂದರು ಅಧಿಕಾರಿ. ಅವಳು ಹೂಂ ಎಂದಳು. ಆದರೆ ತನ್ನ ಗಂಡ ದೇವರನ್ನು ನೆನೆಯುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಸಲ ಮಗಳ ಹೆಸರು, ಇನ್ನೊಂದು ಸಲ ತನ್ನದು. ಬೇರೆ ಏನಿರಲು ಸಾಧ್ಯ? ಅವನ ಹೊಟ್ಟೆಗೆ ನಳಿಕೆಯಲ್ಲಿ ಅನ್ನ ಹೋಗುತ್ತಿದ್ದ ದಿನಗಳಲ್ಲೂ, ಹಾಸಿಗೆ ಹುಣ್ಣು ತೊಳೆಯುವ ದಿನಗಳಲ್ಲೂ, ಅವಳು ಆ ಎರಡು ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕಾಲ ಹಾಕಿದ್ದಳು.

ಪ್ರೆಸ್ಸಿನವನು ಜೇಬಿನಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದು ಗೋದಾಮಿನ ಒಳಗಿಟ್ಟ. ಬೇಡ ಎಂದವನು ಅದನ್ನು ಜೇಬಿನಲ್ಲಿ ತಂದೇ ಇದ್ದ.

"ಪಿಸ್ತೂಲಿನವನು ನಿನ್ನ ಕಡೆ ತಿರುಗ್ದ. ಏನ್ಮಾಡ್ತೀಯ?"

"ನುಗ್ಗಿ ಹೊಡೀತೀನಿ."

"ಶುರುವಾಯ್ತಪ್ಪ!" ಡ್ರೈವರಿಗೆ ಹಳೆಯ ಹುರುಪು ತನಗೇ ಗೊತ್ತಿಲ್ಲದೆ ಬಂದುಬಿಟ್ಟಿತು. "ನನ್ನ ಹತ್ರ ಪಿಸ್ತೂಲು ಇದೆ, ಕಂಬದ ಹಿಂದೆ ಇದೀನಿ, ನಾನು ಹೊಡೀತೀನಿ ಅಂದ್ರೂ ಕೇಳಲ್ಲ. ಯಾವಾಗ್ಲೂ ಇದೇ ಅತ್ತಿಗೆ ಇವನದು. ಎಲ್ಲರಿಗೂ ಪಿಸ್ತೂಲು, ಇವನಿಗೆ ದೊಣ್ಣೆ. ಓಡ್ತಿದ್ದ, ಹೋಗಿ ಸಾಯ್ತಿದ್ದ. ಮತ್ತೆ ಹೊಸ ಆಳು ಮಾಡ್ಕೊಳ್ತಿದ್ದ, ಮತ್ತೆ ದೊಣ್ಣೇನೇ."

"ಜೀವನ ಪೂರ್ತಿ ಹಿಡಿದಿದ್ದು ಅದನ್ನೇ ತಾನೆ," ಎಂದ ಗಂಡ.

"ಅದಕ್ಕೇ ಅಲ್ವಾ ಈ ಪ್ರೆಸ್ಸಿನವನು ಕರಗಿಹೋಗಿ ನಿನಗೋಸ್ಕರ ರೂಲು ಮಾಡಿದ್ದು!"

"ಯಾವ ರೂಲು?" ಎಂದು ಅವಳು ಕೇಳಿದಳು. ಕೇಳಬೇಕೆಂದು ಕೇಳಿದ್ದಲ್ಲ, ಬಂದವರ ಮುಂದೆ ಮೂಕಿಯ ಹಾಗೆ ಕೂತಿರಬಾರದು ಎಂದು.

ಪ್ರೆಸ್ಸಿನವನ ಮುಖ ಅರಳಿತು. "ದೂರದಿಂದ ಆದ್ರೆ ಪಿಸ್ತೂಲಿಗೆ ಎದುರಿಲ್ಲ ಅತ್ತಿಗೆ, ಅದು ನ್ಯಾಯವೇ. ಆದ್ರೆ ಹತ್ತಿರ ಬಂದ್ಮೇಲೆ? ಅವನು ಗುರಿ ಹಿಡಿಯೋ ಅಷ್ಟರಲ್ಲಿ ಇವನು ಮೈಮೇಲೇ ಇರ್ತಾನೆ. ಅದಕ್ಕೆ ನಡುವೆ ಎರಡು ಮನೆ, ಇಲ್ಲಾ ಅದಕ್ಕಿಂತ ಕಮ್ಮಿ ಇದ್ರೆ ದೊಣ್ಣೆಯವನದೇ ಮೊದಲ ಏಟು. ಅದನ್ನ ಸೇರಿಸಿದ್ಮೇಲೆ ಇವನು ಒಂದು ಸಲಾನೂ ಸಾಯ್ಲಿಲ್ಲ. ಎಣಿಸಿ ನೋಡಿ ಅತ್ತಿಗೆ, ಬಟನ್ನಿಗೂ ಮುಚ್ಚಳಕ್ಕೂ ನಡುವೆ ಎಷ್ಟು ಮನೆ ಇದೆ?"

ಅವಳು ತಲೆ ಬಗ್ಗಿಸಿದಳು. ಪೆನ್ಸಿಲ್ಲಿನ ಗೆರೆಗಳು ಮಾಸಿದ್ದವು. ಬೆರಳಿಟ್ಟು, ತುಟಿ ಅಲುಗಿಸಿ ಎಣಿಸಿದಳು. ಒಂದು. ಎರಡು.

ತುಟಿ ಹಾಗೇ ನಿಂತಿತು.

ಠಾಣೆಯ ಕಂಪ್ಯೂಟರಿನಲ್ಲಿ ಕಂಡ ತಲೆ, ಬಾಗಿದ ಕತ್ತು, ಎರಡು ಸಲ ಅಲುಗಿದ ತುಟಿ, ಎಲ್ಲವೂ ಅವಳ ಮೈಯಲ್ಲೇ ನಡೆದುಹೋಗಿತ್ತು. ಹೆಸರುಗಳಲ್ಲ. ಯಾವ ಹೆಸರೂ ಅಲ್ಲ. ಅವನು ನೆಲದ ಕಲ್ಲು ಎಣಿಸಿದ್ದ.

"ಎಷ್ಟು ಅತ್ತಿಗೆ?"

ಅವಳು ಗಂಡನತ್ತ ತಿರುಗಿದಳು. ಅವನು ಆಗಲೇ ಅವಳನ್ನು ನೋಡುತ್ತಿದ್ದ. ಅವಳಿಗೆ ತಿಳಿಯಿತು ಎಂಬುದು ಅವನಿಗೂ ತಿಳಿದಿತ್ತು. ನೆನಪಿಲ್ಲ ಎಂದು ಊರಿಗೆಲ್ಲ ಹೇಳಿದ್ದು ಯಾರಿಗಾಗಿ ಎಂಬುದೂ ಆ ನೋಟದಲ್ಲಿತ್ತು. ಅವನಿಗೆ ಉಳಿದಿದ್ದುದು ಕತ್ತೊಂದೇ. ಅದನ್ನು ಅವನು ದಿಂಬಿನ ಮೇಲೆ ಸ್ವಲ್ಪ ಆ ಕಡೆಗೆ, ಸ್ವಲ್ಪ ಈ ಕಡೆಗೆ ಆಡಿಸಿದ. ಬೇಡ. ಹೇಳಬೇಡ.

ಹೇಳಿದ್ದರೆ ಏನಾಗುತ್ತಿತ್ತು? ಇವತ್ತೇ, ಇಲ್ಲೇ, ರಟ್ಟನ್ನು ಹರಿದು ಪ್ರೆಸ್ಸಿನವನ ಮುಖಕ್ಕೆ ಎಸೆದು, ನಿನ್ನ ಕರುಣೆಗೆ ಬೆಂಕಿ ಬೀಳ ಎಂದು ಅಂದಿದ್ದರೆ? ಬಾಯಿಗೆ ಬಂದಿತ್ತು. ಆದರೆ ಆ ಮನುಷ್ಯ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಜೊತೆ ವಾರಗಟ್ಟಲೆ ಕೂತಿದ್ದ. ಅವನಿಗೆ ಇದು ಗೊತ್ತಾದ ದಿನ ಈ ಮನೆಯಲ್ಲಿ ಒಬ್ಬನಲ್ಲ, ಇಬ್ಬರು ಬಿದ್ದಂತೆ.

"ಎರಡು," ಎಂದಳು.

"ಹಾಗಾದ್ರೆ ಮೊದಲ ಏಟು ನಮ್ಮದೇ! ಹಾಕಿ!"

ಅವಳು ಎಸೆದ ದಾಳ ರಟ್ಟಿನಾಚೆ ಉರುಳಿತು, ಮಂಚದ ಕಾಲಿಗೆ ಬಡಿದು ನಿಂತಿತು. ಡ್ರೈವರು ಮಂಡಿಯೂರಿ ನೋಡಿ, "ಹತ್ತೊಂಬತ್ತು!" ಎಂದು ಕಿರುಚಿದ. ಪ್ರೆಸ್ಸಿನವನು ಬಟನ್ನನ್ನು ಎರಡು ಮನೆ ಮುಂದಕ್ಕೆ ಸರಿಸಿ, ಮುಚ್ಚಳವನ್ನು ಬೆರಳಿಂದ ತಳ್ಳಿ ಕೆಡವಿದ. ಗಂಡ ನಕ್ಕ. ನಗುವಷ್ಟು ಉಸಿರು ಇಲ್ಲದೆ ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕ. ಅವಳು ಅವನ ತುಟಿ ಒರೆಸಿದಳು. ಅವನು ಕೊನೆಯ ಸಲ ಯಾವಾಗ ನಕ್ಕಿದ್ದನೋ ಅವಳಿಗೆ ನೆನಪಿರಲಿಲ್ಲ, ಮತ್ತು ಆ ನಗುವನ್ನು ಅವಳು ದ್ವೇಷಿಸಿದಳು.

ಹೊರಡುವಾಗ ಪ್ರೆಸ್ಸಿನವನು ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. "ರಟ್ಟು ಹಾಗೇ ಇರ್ಲಿ ಅತ್ತಿಗೆ, ಮುಂದಿನ ವಾರ ಅಲ್ಲಿಂದಾನೇ ಶುರು ಮಾಡೋಣ. ಎಷ್ಟು ಖುಷಿಯಾಗಿದ್ದ ನೋಡಿದ್ರಾ? ನನ್ನ ಕೈಲಿ ಅವನಿಗೆ ಒಳ್ಳೇದು ಅಂತ ಆಗಿದ್ದು ಆ ಒಂದು ರೂಲು ಮಾತ್ರ."

"ಬನ್ನಿ," ಎಂದಳು ಅವಳು. "ಮುಂದಿನ ವಾರ ಬನ್ನಿ."

ಕದ ಮುಚ್ಚಿ ಬಂದು ಅವನನ್ನು ಮಗ್ಗುಲು ಬದಲಿಸಲು ನಿಂತಳು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ. ಎತ್ತಲಿಲ್ಲ, ಹಾಗೇ ನಿಂತಳು.

"ನೆನಪಿದೆ ನಿಮಗೆ."

"ಹೂಂ."

"ಎಣಿಸಿದ್ರಿ."

"ಎರಡೇ ಇತ್ತು." ಅವನು ಉಸಿರು ಎಳೆದುಕೊಂಡ. "ಅಂಗಡಿ ಕಲ್ಲು ದೊಡ್ಡದು. ಒಂದು ಕಲ್ಲು ದಾಟೋಕೆ ಎರಡು ಹೆಜ್ಜೆ ಬೇಕು. ಅಷ್ಟು ವರ್ಷ ಅದೇ ನೆಲದ ಮೇಲೆ ನಿಂತಿದ್ದೆ, ಗೊತ್ತಿರ್ಲಿಲ್ವಾ? ಗೊತ್ತಿತ್ತು. ಆವಾಗ ಮಾತ್ರ ತಲೇಲಿ ಈ ರಟ್ಟೇ ಇತ್ತು."

"ಅಷ್ಟಾದ್ಮೇಲೂ ಮತ್ತೆ ಇದೇ ಆಟ ಬೇಕಿತ್ತಾ ನಿಮಗೆ?"

"ಇದ್ರಲ್ಲಿ ಮನೆ ಚಿಕ್ಕದು ಕಣೇ. ತಲುಪ್ತೀನಿ."

ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು. "ನಾವು? ನಾನು, ಮಗಳು... ಒಂದು ಸಲಾನೂ..."

ಅವನು ಕಣ್ಣು ಮುಚ್ಚಿದ. ಕಣ್ಣಿನ ತುದಿಯಿಂದ ನೀರು ಕಿವಿಯತ್ತ ಇಳಿಯಿತು. ಅದನ್ನು ಒರೆಸಿಕೊಳ್ಳಲು ಅವನಿಗೆ ಕೈಯಿರಲಿಲ್ಲ.

"ಸುಳ್ಳು ಹೇಳ್ಲಾ?" ಎಂದ.

"ಬೇಡ," ಎಂದಳು. ಕಣ್ಣೀರು ಒರೆಸಿ, ಅವನನ್ನು ಗೋಡೆಯ ಕಡೆಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು.

ಮೇಜಿನ ಹತ್ತಿರ ಬಂದು ಕೆಳಗೆ ಬಿದ್ದಿದ್ದ ದಾಳ ಎತ್ತಿಟ್ಟಳು. ರಟ್ಟಿನ ಮೇಲೆ, ಬಿದ್ದ ಮುಚ್ಚಳದ ಪಕ್ಕದಲ್ಲೇ ಬಟನ್ನು ಇತ್ತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಒಂದು ಮನೆ ಹಿಂದಕ್ಕಿಟ್ಟಳು, ಇನ್ನೊಂದು ಮನೆ ಹಿಂದಕ್ಕಿಟ್ಟಳು, ಆಮೇಲೆ ಎಣಿಸದೆ ಬಾಗಿಲೆಂದು ಗುರುತು ಮಾಡಿದ್ದ ಗೆರೆಯಾಚೆಗೆ, ರಟ್ಟಿನ ತೀರಾ ಅಂಚಿಗೆ ತಂದು ಬಿಟ್ಟಳು. ಅಲ್ಲಿ ಅದನ್ನು ನೋಡುತ್ತ ಬಹಳ ಹೊತ್ತು ನಿಂತಳು.

ಮೆಟ್ಟಿಲ ಮೇಲೆ ಮಗಳ ಚಪ್ಪಲಿಯ ಸದ್ದಾಯಿತು. ಅವಳು ಬಟನ್ನನ್ನು ಎತ್ತಿ, ಮೊದಲಿದ್ದಲ್ಲಿಗೇ ವಾಪಸು ಇಟ್ಟಳು.