ಕಲ್ಲು ಕುಟ್ಟಿದ ದಿನದ ಹಿಟ್ಟು

ಕರೆಂಟು ಬಂದಾಗ ಭದ್ರಮ್ಮ ಇನ್ನೂ ಹಿಟ್ಟಿನ ಮಿಷನ್ನಿನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಕೂದಲು, ರೆಪ್ಪೆ, ಮೂಗುಬೊಟ್ಟಿನ ಮೇಲೆಲ್ಲ ಕಲ್ಲಿನ ಪುಡಿ ಕೂತಿತ್ತು. ಮೂಲೆಯ ಬಲ್ಬು ಹತ್ತಿಕೊಂಡಿದ್ದೇ ತಡ, ಹೊರಗೆ ಹೊಂಗೆ ಮರದ ಕೆಳಗಿದ್ದ ಇಬ್ಬರು ಹೆಂಗಸರು “ಬಂತು, ಬಂತು” ಎಂದು ಎದ್ದು ನಿಂತರು. ಭದ್ರಮ್ಮನಿಗೆ ಸಂತೋಷವೇನೂ ಆಗಲಿಲ್ಲ. ಇನ್ನೊಂದು ಗಳಿಗೆ ಬಿಟ್ಟು ಬಂದಿದ್ದರೆ ಬೆನ್ನನ್ನಾದರೂ ನೆಟ್ಟಗೆ ಮಾಡಿಕೊಳ್ಳಬಹುದಿತ್ತು ಎನ್ನಿಸಿತು.

ಆ ಬೇಸಿಗೆಯಲ್ಲಿ ಅವಲಪಲ್ಲಿಗೆ ದಿನಕ್ಕೆ ಮೂರು ಗಂಟೆ ಕರೆಂಟು ಬಂದರೆ ಹೆಚ್ಚು. ಅದೂ ಹೇಳಿ ಕೇಳಿ ಬರುತ್ತಿರಲಿಲ್ಲ. ಅದಕ್ಕೇ ಹಿಟ್ಟಿನ ಮಿಷನ್ನಿನ ಮುಂದೆ ಈಗ ಜನ ಸಾಲು ನಿಲ್ಲುತ್ತಿರಲಿಲ್ಲ, ಅವರ ಡಬ್ಬಗಳು ನಿಲ್ಲುತ್ತಿದ್ದವು. ಭದ್ರಮ್ಮನಿಗೆ ಎಷ್ಟೋ ಮನೆಗಳ ಯಜಮಾನಿಯರ ಹೆಸರು ಗೊತ್ತಿರಲಿಲ್ಲ, ಡಬ್ಬ ಗೊತ್ತಿತ್ತು. ತುಕ್ಕು ಹಿಡಿದ ಡಾಲ್ಡಾ ಡಬ್ಬ ಹೊಸ ಲೇಔಟಿನ ಫಿಟ್ಟರ್ ಮನೆಯದು, ಅದರಲ್ಲಿ ಯಾವಾಗಲೂ ಗೋಧಿ. ಹಾಲಿನ ಪುಡಿಯ ಡಬ್ಬ ಟೀಚರಮ್ಮನದು. ತಂತಿಯ ಹಿಡಿ ಕಟ್ಟಿದ ಸೀಮೆಎಣ್ಣೆ ಡಬ್ಬ, ಒಂದಲ್ಲ, ಎರಡು, ಇಂದ್ರಮ್ಮನವು. ಈ ಎರಡು ಡಬ್ಬಗಳ ಮೇಲೆಯೇ ಮಿಷನ್ನು ನಿಂತಿತ್ತು ಎಂದರೂ ತಪ್ಪಿಲ್ಲ.

ಇಂದ್ರಮ್ಮ ಚನ್ನಪಟ್ಟಣದ ಕಡೆಯವಳು. ಗಂಡನ ಜೊತೆ ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಬಂದು, ಗಂಡನ ಕೆಲಸ ಆರು ತಿಂಗಳಿಗೇ ಹೋದ ಮೇಲೆ ಮನೆಯಲ್ಲೇ ಊಟದ ಮೆಸ್ಸು ಇಟ್ಟವಳು. ಮಧ್ಯಾಹ್ನ ಮೂವತ್ತು ಜನ ಮುದ್ದೆಗೆ ಕೂರುತ್ತಿದ್ದರು. ಬಸ್‌ಸ್ಟಾಂಡಿನ ಹತ್ತಿರ ಹೊಸ ಮಿಷನ್ನು ಬಂದಿತ್ತು, ಗೋಡೆಗೆ ಹಸಿರು ಬಣ್ಣ ಬಳಿದು, ಕೂರಲು ಬೆಂಚು ಕೂಡ ಹಾಕಿದ್ದರು. ಆದರೂ ಇಂದ್ರಮ್ಮ ಎರಡು ವರ್ಷದಿಂದ ಇಲ್ಲಿಗೇ ಬರುತ್ತಿದ್ದಳು. ಹಿಟ್ಟು ನಂಬಿಕಸ್ಥರ ಕೈಯಲ್ಲಿ ಬೀಸಿಸಬೇಕು ಎನ್ನುತ್ತಿದ್ದಳು.

ಬಲ್ಬು ನೋಡಿ ಮೊದಲು ಒಳಗೆ ತಲೆ ಹಾಕಿದವಳೂ ಅವಳೇ. “ಅಕ್ಕ, ಎರಡು ದಿನದಿಂದ ಅನ್ನ ಬೇಯ್ಸಿ ಹಾಕಿ ಬೈಸ್ಕೊಂಡಿವ್ನಿ. ಹನ್ನೆರಡಕ್ಕೆ ಬಂದು ಕೂತ್ಕತಾರೆ. ನಂದು ಹಾಕ್ಬುಡು, ಸೊಪ್ಪು ತಗೊಂಡು ಬತ್ತೀನಿ,” ಎಂದು ಉತ್ತರಕ್ಕೂ ಕಾಯದೆ ಹೊರಟಳು.

ಬೀಸಿ ಬೀಸಿ ನುಣುಪಾದ ಕಲ್ಲಿನಲ್ಲಿ ರಾಗಿ ಹಿಟ್ಟಾಗುವುದಿಲ್ಲ, ಬರೀ ಬಿಸಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮೇಲುಗಲ್ಲನ್ನು ಎತ್ತಿಸಿ, ಉಳಿಯಿಂದ ಕುಟ್ಟಿ, ಮತ್ತೆ ಹಲ್ಲು ಮೂಡಿಸಬೇಕು. ಕುಟ್ಟಿದ ಮೇಲೆ ಎಷ್ಟು ಗುಡಿಸಿದರೂ ಸಂದಿಯಲ್ಲಿ ಮರಳು ಉಳಿಯುತ್ತದೆ, ಮೊದಲು ಹಾಕಿದ ಕಾಳಿನ ಜೊತೆ ಹೊರಗೆ ಬರುತ್ತದೆ. ಅದಕ್ಕೆ ಭದ್ರಮ್ಮನ ಗಂಡ ರಾಮಯ್ಯ ಮಿಷನ್ನು ಇಟ್ಟ ದಿನದಿಂದ ಒಂದು ಪದ್ಧತಿ ಮಾಡಿಕೊಂಡಿದ್ದ. ಕಲ್ಲು ಕುಟ್ಟಿದ ದಿನ ಮೊದಲ ಎರಡು ಸೇರು ರಾಗಿ ಮನೆಯದು. ಬೇರೆ ಕಡೆ ಆ ಹಿಟ್ಟನ್ನು ಎಮ್ಮೆಗೆ ಹಾಕುತ್ತಾರಂತೆ. ಇವರಿಗೆ ಎಮ್ಮೆ ಇರಲಿಲ್ಲ. ನಮ್ಮ ಕಲ್ಲಿನ ಮರಳು ನಮ್ಮ ಹೊಟ್ಟೆಗೇ ಹೋಗಲಿ ಎಂದು ರಾಮಯ್ಯ ಹೇಳಿಬಿಟ್ಟಿದ್ದ. ಹೇಳುವುದೇನು, ಹೇಳಿದ. ಬೆಳಗಿನ ರೊಟ್ಟಿ ತಟ್ಟುವವಳು ಭದ್ರಮ್ಮ, ಹಲ್ಲು ಜುಮ್ಮೆನ್ನುವಾಗ ಕಣ್ಣು ಮುಚ್ಚಿಕೊಳ್ಳುವವಳೂ ಭದ್ರಮ್ಮ. ಇಪ್ಪತ್ತು ವರ್ಷ ಅದೇ ಆಗಿತ್ತು. ಹಿಟ್ಟಿನ ಧೂಳು ಕುಡಿದು ಕುಡಿದು ರಾಮಯ್ಯನಿಗೆ ದಮ್ಮು ಹತ್ತಿದ ಮೇಲೆ ಉಳಿ ಸುತ್ತಿಗೆಯೂ ಇವಳ ಕೈಗೇ ಬಂದವು. ಅವನು ಹೊಂಗೆ ಮರದ ಕೆಳಗೆ ಗೋಣಿಚೀಲದ ಮೇಲೆ ಕೂತು ಮಿಷನ್ನಿನ ಸದ್ದು ಕೇಳುತ್ತಿದ್ದ.

ಅವತ್ತು ಮನೆಯ ಮಣ್ಣಿನ ವಾಡೆಯಲ್ಲಿ ಉಳಿದಿದ್ದದ್ದು ಎರಡೇ ಸೇರು ರಾಗಿ. ಅದನ್ನು ಹಾಕಿದರೆ, ಶನಿವಾರ ಹೊಸ ರಾಗಿ ಬರುವವರೆಗೆ ಬೆಳಿಗ್ಗೆ ಮರಳು ರೊಟ್ಟಿಯೇ ಗತಿ. ಭದ್ರಮ್ಮ ಮೊರವನ್ನು ಕೈಗೆತ್ತಿಕೊಂಡಳು, ನೋಡಿದಳು, ಮತ್ತೆ ಕೆಳಗಿಟ್ಟಳು. ಸಾಕಾಗಿತ್ತು. ಊರಿನ ಪಾಲಿನ ಮರಳನ್ನೆಲ್ಲ ನಾವೇ ತಿನ್ನಬೇಕೆಂದು ಯಾವ ಸರ್ಕಾರದ ಕಾನೂನು ಎಂದು ಸಿಟ್ಟು ಬಂತು. ಅದೂ ಅಲ್ಲದೆ ಇಂದ್ರಮ್ಮನ ಹಿಟ್ಟು ಹೋಗುವುದು ಮುದ್ದೆಗೆ. ಮುದ್ದೆಯನ್ನು ಯಾರು ಅಗಿಯುತ್ತಾರೆ? ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಹಲ್ಲಿಗೆ ತಾಗದ ಮರಳು ಇದ್ದರೆಷ್ಟು, ಇಲ್ಲದಿದ್ದರೆಷ್ಟು. ಹುಟ್ಟಿದಾಗಿನಿಂದ ಮುದ್ದೆ ನುಂಗಿದವಳ ಲೆಕ್ಕಾಚಾರ ಅದು, ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಬೆಲ್ಟು ಓಡಿತು, ಕಲ್ಲು ತಿರುಗಿತು. ಸೀಮೆಎಣ್ಣೆ ಡಬ್ಬದ ರಾಗಿ ತಗಡಿನ ಬಾಯಿಗೆ ಸುರಿಯಿತು.

“ನಮ್ಮನೇದು ಹಾಕಿದ್ಯೇನಮ್ಮಿ?” ಹೊರಗಿನಿಂದ ರಾಮಯ್ಯ ಕೂಗಿ ಕೇಳಿದ.

“ಹಾಕ್ದೆ, ಹಾಕ್ದೆ,” ಎಂದಳು ಭದ್ರಮ್ಮ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಇಂದ್ರಮ್ಮ ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತಳು. ಅತ್ತು ಮುಖ ಊದಿಕೊಂಡಿತ್ತು.

“ಏನಾಯ್ತು?”

“ಏನಾಗ್ಬೇಕು, ಮಾನ ಹೋಯ್ತು. ತಿರುನೆಲ್ವೇಲಿ ಕಡೆಯೋನು ಒಬ್ಬ ಹೊಸದಾಗಿ ಊಟಕ್ಕೆ ಸೇರವ್ನೆ, ಲೇತ್ ಕೆಲ್ಸದೋನು. ಜನ್ಮದಲ್ಲಿ ಮುದ್ದೆ ಕಂಡಿಲ್ಲ. ನುಂಗಯ್ಯ ಅಂದ್ರೆ ಕೇಳ್ದೆ ಅಗ್ದ. ಅಗ್ದು, ಕೈ ನಿಲ್ಸಿ, ‘ಮಣ್ಣು ಇರುಕ್ಕು ಅಮ್ಮಾ’, ಮಣ್ಣೈತೆ ಅಂದ. ಅವನ ಮಾತು ಕೇಳಿ ಪಕ್ಕದೋನೂ ಅಗ್ದು ನೋಡ್ದ. ಆಮೇಲೆ ಒಬ್ಬೊಬ್ರಾಗಿ ಎಲ್ರೂ. ಮೂವತ್ತು ಜನ ಕೂತ್ಕಂಡು ದನ ಮೆಲುಕು ಹಾಕ್ದಂಗೆ ಮುದ್ದೆ ಅಗೀತಿದ್ರೆ ನಾನೆಲ್ಲಿ ಮುಖ ಇಟ್ಕೊಳ್ಲಿ ಹೇಳಕ್ಕ. ಐದು ಜನ ಊಟ ಬಿಟ್ಬುಟ್ರು.”

ಭದ್ರಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು.

“ಎಲ್ಲಾ ಆ ನಾರಾಯಣಪ್ಪನ ಕೆಲ್ಸ,” ಇಂದ್ರಮ್ಮ ಮುಂದುವರಿಸಿದಳು. “ತೂಕ ಬರ್ಲಿ ಅಂತ ರಾಗಿಗೆ ಮರಳು ಬೆರ್ಸವ್ನೆ. ಮುದುಕ ಅಂತ ನಂಬಿದ್ದೆ. ಶನಿವಾರ ಬರ್ಲಿ, ಎಲ್ಲರ ಮುಂದೇನೇ ಉಗೀತೀನಿ.”

ನಾರಾಯಣಪ್ಪ ಗುಮ್ಮಳಾಪುರದ ರೈತ. ಶನಿವಾರದ ಬಸ್ಸಿನ ಮೇಲೆ ಎರಡು ಮೂಟೆ ರಾಗಿ ಹಾಕಿಕೊಂಡು ಬಂದು ಇಂದ್ರಮ್ಮನ ಮೆಸ್ಸಿಗೆ ಒಂದು, ಬಿಡಿಯಾಗಿ ಮನೆಗಳಿಗೆ ಒಂದು ಕೊಟ್ಟು ಹೋಗುತ್ತಿದ್ದ. ಭದ್ರಮ್ಮನ ವಾಡೆಯಲ್ಲಿದ್ದದ್ದೂ ಅವನ ರಾಗಿಯೇ. ಅದು ಎಷ್ಟು ಚೊಕ್ಕ ಎಂದು ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಈಗ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಎರಡು ಡಬ್ಬ ಬಸ್‌ಸ್ಟಾಂಡಿಗೆ ಹೋಗುತ್ತವೆ, ಅವುಗಳ ಹಿಂದೆ ಉಳಿದ ಡಬ್ಬಗಳು. ಗಂಡನ ಔಷಧಿ, ಮನೆಯ ಒಲೆ, ಎಲ್ಲ ಈ ಬೆಲ್ಟಿಗೇ ಸುತ್ತಿಕೊಂಡಿದ್ದವು. ಬಾಯಿ ತೆರೆದಾಗ ಹೊರಬಿದ್ದ ಮಾತೇ ಬೇರೆ.

“ಈಗಿನ ಕಾಲ್ದಲ್ಲಿ ಯಾರ್ನ ನಂಬೋದು,” ಎಂದಳು.

ಆ ಮಾತು ಆಡಿದ್ದು ತಾನೇ ಎಂದು ಅವಳಿಗೆ ಆಮೇಲೆ ನಂಬಲಾಗಲಿಲ್ಲ. ಸುಮ್ಮನಿದ್ದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಕರೆಂಟು ಇತ್ತು, ಸಾಲಿನಲ್ಲಿ ಡಬ್ಬಗಳೂ ಇದ್ದವು, ಅಪರೂಪಕ್ಕೆ ಅವುಗಳ ಯಜಮಾನಿಯರೂ ಇದ್ದರು. ನಾರಾಯಣಪ್ಪ ಮೂಟೆಯನ್ನು ಹೆಗಲ ಮೇಲೆ ಹೊತ್ತು ಬಂದ. ಅರವತ್ತು ದಾಟಿದ ಆಳು, ಮೆಸ್ಸಿನಿಂದ ಇಲ್ಲಿಯವರೆಗೆ ಎಲ್ಲೂ ಇಳಿಸದೆ ಬಂದಿದ್ದ. ಹಿಂದೆಯೇ ಇಂದ್ರಮ್ಮ.

“ನನ್ನ ಕಳ್ಳ ಅಂದವ್ಳೆ ಕಣವ್ವ,” ಎಂದ ಮೂಟೆ ಇಳಿಸಿ. ಉಸಿರು ಸಿಗುತ್ತಿರಲಿಲ್ಲ. “ಊಟಕ್ಕೆ ಕೂತಿದ್ದೋರ ಮುಂದೆ ಅಂದವ್ಳೆ. ನಾನು ಕಣ ಸಾರ್ಸೋದು ಮೂರು ಸಲ. ನಮ್ಮೋಳು ತೂರೋದು ಮೂರು ಸಲ. ಗುಮ್ಮಳಾಪುರದಲ್ಲಿ ಯಾರ್ನಾದ್ರೂ ಕೇಳು. ನೀನು ಬೀಸೋಳು, ನಿಂಗೆ ಗೊತ್ತಾಗ್ತದೆ. ಇದೇ ಮೂಟೆಯಿಂದ ತಗ್ದು ಎಲ್ರ ಮುಂದೆ ಬೀಸಿ ತೋರ್ಸು.”

ಭದ್ರಮ್ಮ ಎರಡು ಸೇರು ತೆಗೆದು ಹಾಕಿದಳು. ಹಿಟ್ಟು ಮಿಷನ್ನಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ತಟ್ಟೆಗೆ ಬೆಚ್ಚಗೆ ಇಳಿಯಿತು. ನಾರಾಯಣಪ್ಪ ಚಿಟಿಕೆ ತೆಗೆದು ನಾಲಗೆಗೆ ಹಾಕಿಕೊಂಡು, ಹಲ್ಲಿನಲ್ಲಿ ಆಡಿಸಿ, ತಟ್ಟೆಯನ್ನು ಎಲ್ಲರ ಮುಂದೆ ಹಿಡಿದ. ಟೀಚರಮ್ಮ ನೋಡಿದಳು, ಫಿಟ್ಟರ್ ಹೆಂಡತಿ ನೋಡಿದಳು. ಮರಳಿನ ಸುಳಿವೇ ಇರಲಿಲ್ಲ. ಇರುವುದಾದರೂ ಹೇಗೆ, ಐದಾರು ದಿನ ಬೀಸಿ ಸಂದಿಯ ಮರಳೆಲ್ಲ ಹೋಗಿ ಕಲ್ಲು ಚೆನ್ನಾಗಿ ಕೂತಿತ್ತು.

ಇಂದ್ರಮ್ಮ ಕೊನೆಗೆ ಚಿಟಿಕೆ ಹಾಕಿಕೊಂಡಳು. “ಇವತ್ತಿಂದು ಚೊಕ್ಕವಾಗೇ ಐತೆ. ಸಿಕ್ಕಾಕ್ಕಂಡ ಮೇಲೆ ಚೊಕ್ಕ ಮಾಡ್ಕೊಂಡು ಬರೋದು ಏನು ದೊಡ್ಡದು?”

ಬೇರೆ ಹೆಂಗಸರೂ ತಲೆಯಾಡಿಸಿದರು. ನಾರಾಯಣಪ್ಪ ಬಗ್ಗಿ ಮೂಟೆಯ ಬಾಯಿ ಕಟ್ಟತೊಡಗಿದ. ಗಂಟು ಬೀಳಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದ, ಮತ್ತೆ ಜಾರಿತು.

ಭದ್ರಮ್ಮ ಗೋಡೆಗೆ ಕೈ ಚಾಚಿ ಸ್ವಿಚ್ಚು ಆರಿಸಿದಳು. ಕರೆಂಟು ಇರುವಾಗ ಮಿಷನ್ನು ನಿಲ್ಲಿಸಿದ್ದನ್ನು ಆ ಬೇಸಿಗೆಯಲ್ಲಿ ಯಾರೂ ಕಂಡಿರಲಿಲ್ಲ. ಬೆಲ್ಟು ಪಟಪಟನೆ ಬಡಿದು ನಿಂತಿತು. ಎಲ್ಲರೂ ತಿರುಗಿ ನೋಡಿದರು.

“ಅವನ ರಾಗಿದಲ್ಲ ಆ ಮರಳು,” ಎಂದಳು. “ನನ್ನ ಕಲ್ಲಿಂದು. ಅವತ್ತು ಕಲ್ಲು ಕುಟ್ಟಿದ್ದೆ. ಮೊದ್ಲು ನಮ್ಮನೇದು ಹಾಕ್ಬೇಕಾಗಿತ್ತು, ಹಾಕ್ಲಿಲ್ಲ. ನಿಂದೇ ಹಾಕ್ದೆ ಇಂದ್ರಮ್ಮ. ಮುದ್ದೆ ತಾನೇ, ಯಾರು ಅಗೀತಾರೆ ಅಂದ್ಕೊಂಡೆ.”

ಹೊಂಗೆ ಮರದ ಕೆಳಗಿನಿಂದ ರಾಮಯ್ಯ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಹೆಂಡತಿಯ ಮುಖ ನೋಡಿದ. ಏನೋ ಕೇಳುವವನಂತೆ ಬಾಯಿ ತೆರೆದು, ಕೆಮ್ಮು ಬಂದು, ಹಿಂದಕ್ಕೆ ಹೋಗಿ ಕೂತ.

“ಮೊನ್ನೆ ನಾನು ಬಂದು ಇಲ್ಲೇ ಕೂತು ಅತ್ತಾಗ ಏನಂದೆ ನೀನು?” ಇಂದ್ರಮ್ಮನ ದನಿ ಏರಲಿಲ್ಲ. ಅದೇ ಭದ್ರಮ್ಮನಿಗೆ ಕಷ್ಟವಾಯಿತು. “ಯಾರ್ನ ನಂಬೋದು ಅಂದೆ.”

ಅವಳು ಸಾಲಿನಲ್ಲಿದ್ದ ತನ್ನ ಎರಡು ಡಬ್ಬಗಳನ್ನು ಎತ್ತಿಕೊಂಡಳು. “ಬಾ ಅಣ್ಣ, ಒಂದ್ ಕೈ ಹಾಕು,” ಎಂದಳು ನಾರಾಯಣಪ್ಪನಿಗೆ. ಅವನು ಮೂಟೆಯನ್ನು ಹೆಗಲಿಗೇರಿಸಿಕೊಂಡು, ಒಂದು ಡಬ್ಬವನ್ನೂ ಹಿಡಿದು ಅವಳ ಹಿಂದೆ ನಡೆದ. ಇಬ್ಬರೂ ಹೋದದ್ದು ಮೆಸ್ಸಿನ ದಾರಿಯಲ್ಲಲ್ಲ, ಬಸ್‌ಸ್ಟಾಂಡಿನ ದಾರಿಯಲ್ಲಿ. ಸ್ವಲ್ಪ ಹೊತ್ತಿಗೆ ಟೀಚರಮ್ಮನೂ ಏನೋ ಕೆಲಸ ನೆನಪಾದವಳಂತೆ ಹಾಲಿನ ಪುಡಿ ಡಬ್ಬ ತೆಗೆದುಕೊಂಡು ಹೋದಳು.

ಮುಂದಿನ ಶನಿವಾರ ನಾರಾಯಣಪ್ಪ ಬಂದ. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲಿದ್ದ ಮೊರಕ್ಕೆ ಸೇರಿನಲ್ಲಿ ಅಳೆದು ನಾಲ್ಕು ಸೇರು ರಾಗಿ ಸುರಿದ.

“ಮುಂದಿನ ಸಲ ಕಲ್ಲು ಕುಟ್ಟಿದಾಗ ಇದ್ನ ಹಾಕು,” ಎಂದ. ಕೋಪವೋ ಕನಿಕರವೋ ಭದ್ರಮ್ಮನಿಗೆ ತಿಳಿಯಲಿಲ್ಲ. ಅವನ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಅವನ ರಾಗಿಗೆ ಮತ್ತೆ ಹಳೆಯ ಹೆಸರು ಬಂತು. ಇಂದ್ರಮ್ಮನ ಡಬ್ಬಗಳು ಮಾತ್ರ ಬರಲಿಲ್ಲ.

ಬೀಸುವುದು ಕಮ್ಮಿಯಾದ್ದರಿಂದ ಕಲ್ಲು ನುಣುಪಾಗಲು ತಿಂಗಳು ಹಿಡಿಯಿತು. ಅವತ್ತು ಕಲ್ಲು ಕುಟ್ಟಿ ಮುಗಿಸುವ ಹೊತ್ತಿಗೆ ಸಾಲಿನಲ್ಲಿ ಮೂರು ಡಬ್ಬ ಇದ್ದವು, ಮೂರರಲ್ಲೂ ಗೋಧಿ. ಹನ್ನೊಂದಕ್ಕೆ ಬಲ್ಬು ಹತ್ತಿತು. ಭದ್ರಮ್ಮ ನಾರಾಯಣಪ್ಪನ ರಾಗಿಯಲ್ಲಿ ಎರಡು ಸೇರು ಅಳೆದು ಹಾಕಿ ಬೀಸಿದಳು. ಸ್ವಿಚ್ಚು ಆರಿಸಿ, ಕೊನೆಗೆ ಇಳಿದ ಹಿಟ್ಟನ್ನು ಮೊರಕ್ಕೆ ಹಾಕಿಕೊಂಡು, ಮಿಷನ್ನಿನ ಹಿಂದಿದ್ದ ತಮ್ಮ ಮನೆಗೆ ಹೋಗಿ ಎಸರಿಟ್ಟಳು. ಡಬ್ಬ ಇಟ್ಟಿದ್ದ ಫಿಟ್ಟರ್ ಹೆಂಡತಿ ಬಾಗಿಲಲ್ಲಿ ಇಣುಕಿ, “ಕರೆಂಟ್ ಇದೆಯಲ್ಲಮ್ಮ, ಯಾಕೆ ನಿಲ್ಲಿಸಿದ್ರಿ?” ಎಂದು ಕೇಳಿದಳು.

“ಇರಿ, ಊಟ ಆಗ್ಲಿ,” ಎಂದಳು ಭದ್ರಮ್ಮ.

ಎರಡು ತಟ್ಟೆಯಲ್ಲಿ ಮುದ್ದೆ ಹಾಕಿ ಗಂಡನನ್ನು ಕರೆದಳು. ಆ ಶನಿವಾರದಿಂದ ರಾಮಯ್ಯ ಅವಳೊಡನೆ ಹೆಚ್ಚು ಮಾತಾಡಿರಲಿಲ್ಲ. ಇಪ್ಪತ್ತು ವರ್ಷದ ಪದ್ಧತಿ ಮುರಿದದ್ದಕ್ಕಿಂತ “ಹಾಕ್ದೆ, ಹಾಕ್ದೆ” ಎಂದು ಸುಳ್ಳು ಹೇಳಿದ್ದಕ್ಕೆ ಅವನಿಗೆ ಹೆಚ್ಚು ನೋವಾಗಿತ್ತು, ಅದು ಅವಳಿಗೂ ಗೊತ್ತಿತ್ತು. ಅವನು ಬಂದು ಗೋಡೆಗೊರಗಿ ಕೂತು, ಮುರಿದು, ಅದ್ದಿ, ನುಂಗಿದ.

ಭದ್ರಮ್ಮ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು. ನುಂಗಲಿಲ್ಲ. ಎಡದವಡೆಗೆ ತಳ್ಳಿ ಅಗಿದಳು, ಬಲಕ್ಕೆ ತಳ್ಳಿ ಅಗಿದಳು. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು, ಅದರ ನಡುವೆ ಕರಕ್ಕೆಂದಿತು. ಆ ಸದ್ದಿಗೆ ರಾಮಯ್ಯ ತಲೆಯೆತ್ತಿ ನೋಡಿದ.

“ಇನ್ನೂ ಐತೆ,” ಎಂದಳು.

ರಾಮಯ್ಯ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡು, ಅಭ್ಯಾಸವಿಲ್ಲದವನ ಹಾಗೆ ನಿಧಾನವಾಗಿ ಅಗಿಯತೊಡಗಿದ. ತುಂಬ ಹೊತ್ತು ಅಗಿದ.

“ಐತೆ,” ಎಂದ. “ಇನ್ನೆರಡು ಸೇರು ಹಾಕು.”

ಮಿಷನ್ನಿನ ಕೋಣೆಯಲ್ಲಿ ಬಲ್ಬು ಸುಮ್ಮನೆ ಉರಿಯುತ್ತಿತ್ತು. ಮೂರು ಡಬ್ಬಗಳು ಸಾಲಾಗಿ ಕಾಯುತ್ತಿದ್ದವು.