ಭಂಡಾರದ ಕೆಳಗಿನ ನಂಬರು

ಬನಹಟ್ಟಿಯಲ್ಲಿ 'ಜ್ಞಾನೇಶ್ವರನ ಅರ್ಧ ತಾಸು' ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜಮಖಂಡಿಯಿಂದ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಈ ಮನುಷ್ಯ ಯಾವ ಕೆಲಸಕ್ಕೆ ಕರೆದರೂ ಅರ್ಧ ತಾಸು ಎನ್ನುತ್ತಿದ್ದ. ಬೆಳಿಗ್ಗೆ ಬಂದವನು ಆ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಚಹಾ ಕುಡಿದು ಏಳುತ್ತಿದ್ದ. ಸುಳ್ಳುಗಾರನೇನಲ್ಲ. ಹೇಳುವ ಹೊತ್ತಿಗೆ ಅವನಿಗೂ ಅದು ಅರ್ಧ ತಾಸಿನ ಕೆಲಸವೆಂದೇ ಕಾಣುತ್ತಿತ್ತು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

೨೦೦೭ರ ಖಂಡೇನವಮಿಯ ಆಯುಧಪೂಜೆ ಮುಗಿದ ವಾರ. ಬೆಳಿಗ್ಗೆ ಅವನ ಸ್ಕೂಟರು ಮನೆಯ ಮುಂದೆ ನಿಂತಾಗ ಭಾಗ್ಯಾ ಆಗಲೇ ಮೂರು ಸಲ ಬಾಗಿಲಿಗೆ ಬಂದು ಹೋಗಿದ್ದಳು.

"ಎಷ್ಟೊತ್ತಾಗತೈತಪಾ?"

"ಅರ್ಧಾ ತಾಸಿನ ಕೆಲಸ್ರೀ ಅಕ್ಕಾ. ನೀವು ಚಾ ಸೋಸೂದ್ರಾಗ ಮುಗೀತೈತಿ."

"ಇವತ್ತರೆ ಖರೇನ ಅರ್ಧಾ ತಾಸು ಆಗಲಿ. ಸಂಜೀಕ ಸಾವಕಾರ್ರು ಬರ್ತಾರ."

ಭಾಗ್ಯಾಳ ಅತ್ತೆ ಲಗಮವ್ವನ ಕಾಲಕ್ಕೆ ಈ ಮನೆಯವರು ಕುರಿ ಕಾಯುತ್ತಿದ್ದವರು, ಬೀರಪ್ಪ ದೇವರ ಒಕ್ಕಲು. ಈಗ ಕುರಿಗಳಿಲ್ಲ. ಗಂಡ ಮಹಾಲಿಂಗ ಓಣಿಯ ಪವರ್‌ಲೂಮಿನಲ್ಲಿ ನೇಯುತ್ತಿದ್ದ, ಭಾಗ್ಯಾ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸೀರೆಯ ದಡಿ, ಅಂದರೆ ಅಂಚಿನ ನಕ್ಷೆ, ಬರೆದುಕೊಡುತ್ತಿದ್ದಳು. ಬರೆಯುವುದೆಂದರೆ, ಸೀರೆ ವ್ಯಾಪಾರದ ನೀಲಕಂಠ ಸಾವಕಾರರು ಎಲ್ಲಿಂದಲೋ ತಂದ ಸೀರೆಯ ತುಂಡು ನೋಡಿ ಅದನ್ನೇ ಚೌಕಳಿ ಚೌಕಳಿಯಾಗಿ ಇಳಿಸುವುದು. ಅವರು ಮಾವಿನಕಾಯಿ ತಂದರೆ ಮಾವಿನಕಾಯಿ, ನವಿಲು ತಂದರೆ ನವಿಲು. ಈ ಸಲ ಮಾತ್ರ ಅವಳು ಯಾರ ತುಂಡನ್ನೂ ಮುಂದಿಟ್ಟುಕೊಳ್ಳದೆ ತನ್ನದೇ ಒಂದು ದಡಿ ಬರೆದಿದ್ದಳು. ಸಾವಕಾರರು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ದೀಪಾವಳಿ ಮಾಲಿಗೆ ಇದನ್ನ ಹಾಕೂಣು" ಎಂದಿದ್ದರು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಆದರೆ ನಡುವೆ ಒಂದು ತೊಡಕಿತ್ತು. ಮಗ್ಗಕ್ಕೆ ನಕ್ಷೆ ಹೇಳಿಕೊಡುವ ತೂತಿನ ರಟ್ಟುಗಳನ್ನು ಹೊಡೆಯಲು ರಬಕವಿಗೆ ಹೊಸ ಯಂತ್ರ ಬಂದಿತ್ತು. ಅದು ಹೊಸ ಸಾಫ್ಟ್‌ವೇರಿನ ಫೈಲನ್ನಷ್ಟೇ ಮುಟ್ಟುತ್ತಿತ್ತು. ಆ ಸಾಫ್ಟ್‌ವೇರು ವಿಂಡೋಸ್ ಎಕ್ಸ್‌ಪಿ ಇದ್ದಲ್ಲಿ ಮಾತ್ರ ನಡೆಯುವಂಥದ್ದು, ಭಾಗ್ಯಾಳ ಹಳೇ ಮಶೀನಿನಲ್ಲಿ ಇದ್ದದ್ದು ವಿಂಡೋಸ್ ೯೮. ಯಂತ್ರದಲ್ಲಿ ಸಾವಕಾರರ ಪಾಳಿ ಮರುದಿನ ಬೆಳಿಗ್ಗೆ. ಸಂಜೆಯೊಳಗೆ ಪೆನ್‌ಡ್ರೈವಿನಲ್ಲಿ ಫೈಲು ಸಿಗದಿದ್ದರೆ ಅವರು ಹೋದ ವರ್ಷದ ಮಾವಿನಕಾಯಿಯನ್ನೇ ಮತ್ತೆ ಹಾಕಿಸುವವರು. ಭಾಗ್ಯಾಳ ದಡಿ ಕಂಪ್ಯೂಟರಿನ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

"ಹಳೇದನ್ನ ಅಳಿಸಿಗಿಳಿಸಿ ಬಿಟ್ಟೀಯಪಾ, ನನ್ನ ಕೆಲಸ ಎಲ್ಲಾ ಅದರಾಗೈತಿ."

"ಅಳಸೂದಿಲ್ರೀ. ಅಣ್ಣ ಒಂದು ಖೋಲ್ಯಾಗ, ತಮ್ಮ ಒಂದು ಖೋಲ್ಯಾಗ. ಚಾಲೂ ಮಾಡಿದ ಕೂಡ್ಲೆ ಯಾರ ಕಡೆ ಹೋಗಬೇಕಂತ ಮಶೀನ ಕೇಳತೈತಿ."

ಮಾತಿನಂತೆಯೇ ಆಯಿತು, ಅರ್ಧ ತಾಸು ಒಂದನ್ನು ಬಿಟ್ಟು. ಸೂರ್ಯ ನೆತ್ತಿಯ ಹತ್ತಿರ ಬಂದಾಗ ಪರದೆಯ ಮೇಲೆ ಎರಡೂ ಹೆಸರು ಒಂದರ ಕೆಳಗೊಂದು ಮೂಡಿದವು. ಭಾಗ್ಯಾ ಹೊಸದನ್ನು ಆರಿಸಿದಳು. ಎಕ್ಸ್‌ಪಿ ತೆರೆಯಿತು, ಆದರೆ ಎಲ್ಲವೂ ಗಡಿಗೆಯಷ್ಟು ದೊಡ್ಡದಾಗಿ, ಹದಿನಾರೇ ಬಣ್ಣಗಳಲ್ಲಿ. ಪರದೆಯಲ್ಲಿನ ಕೆಂಪು ಟ್ರ್ಯಾಕ್ಟರಿಗೆ ಬಳಿಯುವ ಕೆಂಪಾಗಿತ್ತು. ಹೊಸ ಸಾಫ್ಟ್‌ವೇರು ಹಾಕಿ ಒತ್ತಿದರೆ, ಈ ಪರದೆ ನನಗೆ ಸಾಲದು ಎಂದು ತಿಳಿಸಿ ಬಾಗಿಲು ಹಾಕಿಕೊಂಡಿತು.

"ಡ್ರೈವರ್ ಹಾಕಿಲ್ಲಲ್ರೀ, ಅದಕ್ಕ," ಎಂದ ಜ್ಞಾನೇಶ್ವರ, ಹೊಟ್ಟೆಯಲ್ಲಿನ ನೀರು ಅಲುಗದಂತೆ. "ಒಳಗ ಯಾವ ಸಾಮಾನು ಐತಿ ಅಂತ ಹೊಸಾ ತಮ್ಮಗ ಗುರುತ ಹಿಡಿಸಿಕೊಡಬೇಕು. ಅದ ಡ್ರೈವರ್ ಕೆಲಸ. ಎಲ್ಲಾ ನನ್ನ ಸೀಡ್ಯಾಗ ಅದಾವ."

ಅವನ ಚೀಲದಲ್ಲಿ ಸೀಡಿಗಳ ದೊಡ್ಡ ಕಟ್ಟೇ ಇತ್ತು. ಪರದೆ ತೋರಿಸುವ ಕಾರ್ಡು ಯಾವ ಕಂಪನಿಯದೆಂದು ಹಳೇ ೯೮ರಲ್ಲಿ ನೋಡಿಕೊಂಡ. ಕಂಪನಿ ಸಿಕ್ಕಿತು, ಮಾಡೆಲ್ಲು ಸಿಗಲಿಲ್ಲ.

"ಅಡ್ಡಹೆಸರು ಗೊತ್ತಾತ್ರಿ ಅಕ್ಕಾ. ಆದ್ರ ಈ ಮನಿತನದಾಗ ಅಣ್ಣತಮ್ಮರು ಭಾಳ ಮಂದಿ ಅದಾರ. ಒಬ್ಬೊಬ್ಬರನ್ನ ಕರದು ನೋಡೂಣು."

ಮೊದಲನೆಯವನನ್ನು ಕರೆದಾಗ ಪರದೆ ಕಪ್ಪಾಗಿ ಕೂತಿತು. ಎರಡನೆಯವನಿಗೆ ಅದು ನಾಲ್ಕು ಪಟ್ಟಿಯಾಗಿ ಸೀಳಿ ಒಂದೊಂದು ಪಟ್ಟಿ ಒಂದೊಂದು ಕಡೆ ಹೋಯಿತು. ಮೂರನೆಯವನು ಬಂದಾಗ ಮಶೀನು ಏನೂ ಮಾಡದೆ ಗುಂಯ್‌ಗುಟ್ಟುತ್ತ ನಿಂತಿತು. ಪ್ರತಿ ಸಲವೂ ಮಶೀನು ಬಂದ್ ಮಾಡಿ, ಹಾಕಿದ್ದನ್ನು ತೆಗೆದು, ಮತ್ತೆ ಮೊದಲಿನಿಂದ. ನಡುವೆ ಊಟದ ಹೊತ್ತಾಯಿತು. ಜ್ಞಾನೇಶ್ವರ ರೊಟ್ಟಿ, ಝುಣಕ, ಶೇಂಗಾ ಹಿಂಡಿಗೆ ಯಾವ ಡ್ರೈವರಿಗೂ ಕೊಡದ ಗಮನ ಕೊಟ್ಟು ಉಂಡ.

"ಅರ್ಧಾ ತಾಸು ಆಗಲಿಲ್ಲೇನೋ ತಮ್ಮಾ?" ಎಂದಳು ಲಗಮವ್ವ, ಇನ್ನೊಂದು ರೊಟ್ಟಿ ಹಾಕುತ್ತ.

"ಆಗಾಕ ಬಂತ್ರೀ ಆಯಿ."

ಅವನು ಕೈತೊಳೆದು ಕೂರುವಷ್ಟರಲ್ಲಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಕರೆಂಟು ಹೋಗಿತ್ತು. ಇನ್ನು ಆಗಲಿಕ್ಕಿಲ್ಲ, ಮಾವಿನಕಾಯಿಯೇ ಗತಿ ಎಂದುಕೊಂಡಳು ಭಾಗ್ಯಾ.

"ಹೆಂಗೂ ಕರೆಂಟಿಲ್ಲ, ಡಬ್ಬಿ ಬಿಚ್ಚೂಣ್ರಿ," ಎಂದ ಜ್ಞಾನೇಶ್ವರ. "ಕಾರ್ಡಿನ ನಡುವ ಒಂದು ಕರೀ ಚಿಪ್ ಇರ್ತೈತಿ. ಅದರ ಮ್ಯಾಲ ನಂಬರು ಬರದಿರ್ತಾರ. ಅದನ್ನ ನೋಡಿದ್ರ ಮುಗೀತು."

ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಕಾರ್ಡು ಎಳೆದು ಟಾರ್ಚು ಬಿಟ್ಟ. ಕಾರ್ಡನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿದ.

"ಅಕ್ಕಾ, ಇದೇನ್ರೀ ಇದು?"

ಚಿಪ್ಪು ಕಾಣುತ್ತಿರಲಿಲ್ಲ. ಅದರ ಮೇಲೆ ಬೆರಳಗಲ ದಪ್ಪಕ್ಕೆ ಹಳದಿ ಗಟ್ಟಿಯಾಗಿ ಕೂತಿತ್ತು, ನಡುವೆ ಒಂದು ಕುಂಕುಮದ ಬೊಟ್ಟು.

"ಭಂಡಾರ," ಎಂದಳು ಲಗಮವ್ವ ಬಾಗಿಲಲ್ಲಿ ನಿಂತು, ಇದನ್ನೂ ಕೇಳಬೇಕೇ ಎಂಬಂತೆ.

ಪ್ರತಿ ಖಂಡೇನವಮಿಗೆ ಮಹಾಲಿಂಗ ಧೂಳು ಕೊಡವಲೆಂದು ಆ ಮುಚ್ಚಳ ತೆಗೆಯುತ್ತಿದ್ದ, ಭಾಗ್ಯಾ ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿರುತ್ತಿದ್ದಳು. ಪೂಜೆಯ ತಟ್ಟೆ ಹಿಡಿದ ಲಗಮವ್ವನಿಗೆ ಹೊರಗಿನ ತಗಡಿಗೆ ಹಚ್ಚಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಮಗ್ಗಕ್ಕಾದರೆ ದುಡಿಯುವ ಜಾಗಕ್ಕೇ ಹಚ್ಚುತ್ತಾರಲ್ಲ, ಮೇಲೆ ಹೊದಿಸಿದ ಬಟ್ಟೆಗೆ ಯಾರು ಹಚ್ಚುತ್ತಾರೆ? ಒಳಗೆ ಇಣುಕಿದರೆ ಎಲ್ಲ ಮುಳ್ಳುಮುಳ್ಳು, ಒಂದು ಕರೀ ಚೌಕ ಮಾತ್ರ ಹಣೆಯಂತೆ ನುಣ್ಣಗಿತ್ತು. ದೇವರ ಅರಿಷಿಣವಾದ ಆ ಭಂಡಾರವನ್ನು ಹುಡಿಯಾಗಿ ಹಚ್ಚಿದ್ದನ್ನು ಒಳಗಿನ ಫ್ಯಾನು ಊದಿಬಿಟ್ಟಿತೆಂದು ಮರುವರ್ಷದಿಂದ ಎಣ್ಣೆಯಲ್ಲಿ ಕಲಸಿ ಹಚ್ಚತೊಡಗಿದಳು. ಅಂದಿನಿಂದ ಕಂಪ್ಯೂಟರು ಒಂದು ದಿನವೂ ಕೆಟ್ಟಿರಲಿಲ್ಲ ಎಂಬುದನ್ನೂ ಈಗ ಹೇಳಿದಳು. ಇಷ್ಟು ಹಳೆಯ ಮಶೀನು ಯಾವತ್ತೋ ಮಣ್ಣಾಗಬೇಕಿತ್ತು ಎಂದು ಬೆಳಿಗ್ಗೆ ತಾನೇ ಅಂದಿದ್ದ ಜ್ಞಾನೇಶ್ವರ ಅದಕ್ಕೆ ತಲೆಯಾಡಿಸಿ ಸ್ಕ್ರೂಡ್ರೈವರಿನ ತುದಿಯನ್ನು ಹಳದಿಗೆ ಹಿಡಿದ.

"ಕೈ ತಗಿ ತಮ್ಮಾ."

"ಆಯಿ, ಬರೇ ನಂಬರು ನೋಡೂದೈತ್ರಿ."

"ಬೀರಪ್ಪನ ಭಂಡಾರ ಅದು. ಕೆರದು ಕಸದಾಗ ಚೆಲ್ಲಾಕ ಗ್ವಾಡಿ ಸುಣ್ಣ ಅಲ್ಲ. ಸಾವಕಾರ್ರ ದಡಿ ಸಲುವಾಗಿ ನಮ್ಮ ದೇವರನ್ನ ಯಾಕ ಎಬ್ಬಸಬೇಕು? ಅವರ ದಡಿ ಅವರು ನೋಡಿಕೊಳ್ಳಲಿ."

"ಅದು ಸಾವಕಾರ್ರ ದಡಿ ಅಲ್ರೀ ಅತ್ತಿ," ಎಂದಳು ಭಾಗ್ಯಾ.

ಇದನ್ನು ಈಗ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಸೀರೆ ಮಗ್ಗದಿಂದ ಇಳಿದ ದಿನ ತಂದು ಅತ್ತೆಯ ಮಡಿಲಿಗೆ ಹಾಕಿ ಚಕಿತಗೊಳಿಸಬೇಕೆಂದಿದ್ದಳು. ದೇವರ ಗೂಡಿನ ಕೆಳಗೆ ಮಡಿಸಿಟ್ಟ ಕರೀ ಕಂಬಳಿಯ ಕಡೆ ಅವಳ ಕಣ್ಣು ಹೋಯಿತು. ಲಗಮವ್ವ ಮದುವೆಯಾಗಿ ಬಂದ ಹೊಸತರಲ್ಲಿ ತನ್ನ ಕೈಯಾರೆ ಉಣ್ಣೆ ನೂತು ನೇಯಿಸಿದ್ದು ಅದು. ಅಂಚಿನಲ್ಲಿ ಹಲ್ಲಿನಂಥ ಬಿಳಿ ಮೊನೆಗಳ ಸಾಲು, ಹಲ್ಲುಗಳ ನಡುವೆ ಒಂದು ಹಳದಿ ಎಳೆ.

"ಅದರಾಗಿರೂದು ನಿಮ್ಮ ಕಂಬಳಿ ದಡಿ. ನಾನ ಬರದೇನಿ. ಎಷ್ಟ ಮಧ್ಯಾಹ್ನ ನೀವು ಮಲಗಿದಾಗ ಅದನ್ನ ಬಿಚ್ಚಿ ಹಲ್ಲು ಎಣಿಸೇನಿ ಗೊತ್ತೇನ್ರಿ? ಸೀರಿ ಆದ ಮ್ಯಾಲ ತೋರಸೂಣಂತ ಹೇಳಿರಲಿಲ್ಲ. ಇವತ್ತು ಆಗಲಿಲ್ಲಂದ್ರ ಇನ್ನ ಆಗೂದಿಲ್ಲ ಅತ್ತಿ."

ಲಗಮವ್ವ ಸೊಸೆಯನ್ನೊಮ್ಮೆ, ಕಂಬಳಿಯನ್ನೊಮ್ಮೆ ನೋಡಿದಳು.

"ನನ್ನ ಕಂಬಳಿ ದಡಿ ಸೀರಿಗೆ? ಉಟಗೊಂಡಾಕಿ ಕಡೆ ಕುರಿ ವಾಸನಿ ಬಂದ್ರ ನನ್ನ ಕೇಳಬ್ಯಾಡ್ರಿ ಮತ್ತ."

ಮುಖ ತಿರುಗಿಸಿ ಒಳಗೆ ಹೋದಳು. ಕೆಲಸ ಕೆಟ್ಟಿತೆಂದು ಭಾಗ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗೆ ಕೈಕಾಲು ತೊಳೆಯುವ ಸದ್ದಾಯಿತು. ಲಗಮವ್ವ ಎಣ್ಣೆಯ ಬಟ್ಟಲು ಹಿಡಿದು ಬಂದು ನೆಲದ ಮೇಲೆ ಕೂತಳು.

"ಹಚ್ಚಿದಾಕಿ ನಾನು, ತಗಿಯಾಕಿನೂ ನಾನ. ಒಂದು ಕಣಾನೂ ನೆಲಕ್ಕ ಬೀಳಬಾರದು. ಎಲ್ಲಾರೂ ಹಣಿ ತರ್ರಿ."

ಎಣ್ಣೆ ಹನಿಸಿ, ಮಗುವಿನ ತಲೆ ತಿಕ್ಕುವಷ್ಟು ಮೆಲ್ಲಗೆ ಹೆಬ್ಬೆರಳಿನಲ್ಲಿ ತಿಕ್ಕಿದಳು. ಮೆತ್ತಗಾದ ಹಳದಿ ಮೊದಲು ದೇವರಿಗೆ ಹೋಯಿತು, ಆಮೇಲೆ ಭಾಗ್ಯಾಳ ಹಣೆಗೆ, ತನ್ನ ಹಣೆಗೆ, ಜ್ಞಾನೇಶ್ವರನ ಹಣೆಗೆ. ಇನ್ನೂ ಬೇಕಾದಷ್ಟು ಉಳಿದಿತ್ತು, ವರ್ಷವರ್ಷದ್ದೂ ಪದರುಪದರಾಗಿ ಕೂತಿತ್ತಲ್ಲ. ಮಗ್ಗ ನಿಂತಿತೆಂದು ಮನೆಗೆ ಬಂದ ಮಹಾಲಿಂಗ ಚಪ್ಪಲಿ ಬಿಡುವುದರೊಳಗೆ ಅವನ ಹಣೆಯೂ ತುಂಬಿತು. ಮಿಕ್ಕದ್ದೆಲ್ಲ ಜ್ಞಾನೇಶ್ವರನ ಪಾಲಿಗೆ ಬಂತು, ಹುಬ್ಬಿನಿಂದ ಕೂದಲವರೆಗೆ.

ಅವನು ಬಟ್ಟೆಯಿಂದ ಎಣ್ಣೆ ಒತ್ತಿ ತೆಗೆದು ಟಾರ್ಚು ಹಿಡಿದ. ಕರೀ ಚಿಪ್ಪಿನ ಮೇಲೆ ಬಿಳಿ ಅಕ್ಷರ ಎದ್ದು ಕಂಡವು.

"ಥೋ, ಇಂವ ಮನ್ಯಾಗ ಎಲ್ಲಾರ್ಕಿಂತ ಸಣ್ಣಾಂವ್ರೀ," ಎಂದು ನಕ್ಕ. "ಇವನ ಸೀಡಿ ಮುಂಜಾನಿಂದ ನನ್ನ ಚೀಲದಾಗ ಕುಂತೈತಿ."

ಮುಂದೆ ಭಂಡಾರ ಮೆತ್ತಿದರೂ ಚಿಂತೆ ಬೇಡವೆಂದು ಆ ನಂಬರನ್ನು ಮುಚ್ಚಳದ ಒಳಮೈ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದಿಟ್ಟ. ಓಣಿಯ ಮಗ್ಗಗಳು ಖಟಖಟ ಎಂದು ಎದ್ದವು. ಸೀಡಿ ಹಾಕಿದ್ದಾಯಿತು. ಮಶೀನು ಆರಿ ಹೊತ್ತಿಕೊಳ್ಳುವಾಗ ಪರದೆ ಒಂದು ಗಳಿಗೆ ಕಪ್ಪಾಗಿ ನಿಂತಿತು. ಭಾಗ್ಯಾ ಕಣ್ಣು ಮುಚ್ಚಿಕೊಂಡಳು.

"ನೋಡ್ರಿ ಅಕ್ಕಾ."

ಬಣ್ಣಗಳೆಲ್ಲ ಬಂದಿದ್ದವು. ಹೊಸ ಸಾಫ್ಟ್‌ವೇರು ತಕರಾರಿಲ್ಲದೆ ತೆರೆಯಿತು, ಹಳೇ ಖೋಲಿಯಿಂದ ಅವಳ ದಡಿಯನ್ನು ತಂದು ಉದ್ದಕ್ಕೆ ಹಾಸಿತು. ಲಗಮವ್ವ ಕಂಬಳಿ ತಂದು ತೊಡೆಯ ಮೇಲೆ ಇಟ್ಟುಕೊಂಡು ಪರದೆ ನೋಡುತ್ತ ಕೂತಳು. ಸಾವಕಾರರ ಮುಂದೆಯೂ ಭಾಗ್ಯಾಳಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

"ಹಲ್ಲು ಬರೋಬ್ಬರಿ ಅದಾವ," ಎಂದಳು ಅತ್ತೆ ಕೊನೆಗೆ. "ಹಳದಿ ತಪ್ಪೈತಿ."

"ಕಂಬಳ್ಯಾಗ ಹಿಂಗ ಐತಲ್ರಿ?"

"ಇದು ಹಳತಾಗಿ ಮಾಸೇತಿ. ಈ ನೂಲಿಗೆ ಅರಿಷಿಣದ ಬಣ್ಣ ಕಟ್ಟಿದಾಕಿ ನಾನು, ನನಗ ಗೊತ್ತಿಲ್ಲೇನು? ಇಕಾ, ಹಿಂಗ ಇತ್ತು," ಎಂದು ಜ್ಞಾನೇಶ್ವರನ ಹಣೆ ತೋರಿಸಿದಳು.

ನೀಲಕಂಠ ಸಾವಕಾರರು ಒಳಗೆ ಕಾಲಿಟ್ಟಾಗ ಕಂಡದ್ದು ಇಷ್ಟು. ಮನೆಯವರೆಲ್ಲರ ಹಣೆ ಹಳದಿ. ಕಂಪ್ಯೂಟರಿನವನು ಪರದೆಗೆ ತಲೆ ಹಚ್ಚಿ ಕೂತಿದ್ದಾನೆ, ಲಗಮವ್ವ ಅವನ ಗದ್ದ ಹಿಡಿದಿದ್ದಾಳೆ, ಭಾಗ್ಯಾ ಅವನ ಹಣೆ ನೋಡಿ ನೋಡಿ ಮೌಸು ಒತ್ತುತ್ತಿದ್ದಾಳೆ.

"ಏನ ನಡದೈತ್ಬೇ ಇಲ್ಲಿ?"

"ಬಣ್ಣ ಕೂಡಸಾಕತ್ತೇವ್ರಿ ಸಾವಕಾರ್ರ," ಎಂದಳು ಭಾಗ್ಯಾ, ತಿರುಗಿ ನೋಡದೆ.

"ಇನ್ನ ಒರಸಿಕೊಳ್ಳಲೇನ್ರಿ ಆಯಿ?" ಎಂದ ಜ್ಞಾನೇಶ್ವರ.

"ಸುಮ್ ಕುಂದರು. ಅರ್ಧಾ ತಾಸಿನ ಕೆಲಸ."

ಸಾವಕಾರರು ಪೆನ್‌ಡ್ರೈವು ಜೇಬಿಗೆ ಹಾಕಿಕೊಂಡು ಹೊರಟರು. ನೂಲಿಗೆ ಬಣ್ಣ ಹಾಕುವವನಿಗೆ ತೋರಿಸಲೆಂದು ಲಗಮವ್ವ ದೇವರ ಮುಂದಿನ ಒಂದು ಚಿಟಿಕೆ ಭಂಡಾರವನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಹಾಗೇ ಕಳಿಸಬಾರದೆಂದು ಅವರ ಹಣೆಗೂ ಹಚ್ಚಿದಳು.

ಮಗ್ಗದಿಂದ ಎಲ್ಲಕ್ಕಿಂತ ಮೊದಲು ಇಳಿದಿದ್ದ ಸೀರೆ ದೀಪಾವಳಿ ಅಮಾವಾಸ್ಯೆಯ ಪೂಜೆಗೆ ಮನೆಗೆ ಬಂತು. ಲಗಮವ್ವ ಅದನ್ನುಟ್ಟು, ಸೆರಗನ್ನು ಮೂಗಿಗೆ ಹಿಡಿದು ಮೂಸಿ, ಕುರಿ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಚ್ಚಳ ತೆಗೆದ ಕಂಪ್ಯೂಟರಿನ ಮುಂದೆ ತಟ್ಟೆ ಹಿಡಿದು ಕೂತಳು. ಹೂರಣ ಅಡುಗೆಮನೆಯಲ್ಲೇ ಬಿಟ್ಟು ಭಾಗ್ಯಾ ಈ ಸಲ ಪಕ್ಕದಲ್ಲಿ ನಿಂತಿದ್ದಳು. ಅತ್ತೆ ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಆ ಕರೀ ಹಣೆಗೆ, ಅದೇ ಜಾಗಕ್ಕೆ ಹಚ್ಚಿದಳು. ಆಮೇಲೆ ಅವಳ ಕಣ್ಣು ಮುಚ್ಚಳದ ಒಳಗಿನ ದಪ್ಪ ಬರಹದ ಮೇಲೆ ಬಿತ್ತು.

"ಇದೇನು ಬರದೈತಿ?"

"ಅದರ ಹೆಸರ್ರೀ ಅತ್ತಿ."

"ಹಂಗಾರ ಹೆಸರಿಗೂ ಹಚ್ಚಬೇಕಲ್ಲ," ಎಂದು ಲಗಮವ್ವ ಹೆಬ್ಬೆರಳನ್ನು ಬಟ್ಟಲಿಗೆ ಅದ್ದಿ ಆ ನಂಬರಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಳಿದಳು. ಭಾಗ್ಯಾ ತಡೆಯಲಿಲ್ಲ. ಅವಳಿಗೆ ಆ ನಂಬರು ಆಗಲೇ ಬಾಯಿಪಾಠವಾಗಿತ್ತು.